ವಿಶೇಷ ವರದಿ ಬರೆಯುವವರೇ, ವಿಷಯ ಚಿಕ್ಕದು ಮಾಡಿಕೊಳ್ಳಿ

ಪತ್ರಿಕೋದ್ಯಮ ಓದುತ್ತಿರುವ ನಮ್ಮ ಕೊಡಗಿನ ಹುಡುಗ ಹುಡುಗಿಯರಿಗೆ ಒಂದು ಮಾತು. ‘ಕೊಡಗಿನಲ್ಲಿ ಕಾಡಾನೆ ಹಾವಳಿ’ ಒಳ್ಳೆಯ ವಿಷಯವೇ. ಆದರೆ ಒಂದು ವರದಿಗೆ ಅದು ತೀರಾ ದೊಡ್ಡದು. ಸಿದ್ದಾಪುರ ಕಡೆಯ ಒಂದೇ ಕಾಫಿ ತೋಟ ಹಿಡಿಯಿರಿ. ಲೈನ್ ಮನೆಯವರು, ಅಂದರೆ ತೋಟದ ಸಾಲು ಮನೆಗಳಲ್ಲಿರುವ ಕಾರ್ಮಿಕರು, ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿ ಇದೆಯಲ್ವಾ, ಅಷ್ಟೇ ಸಾಕು.

ಆ ದಾರಿಯಲ್ಲಿ ನೀವೂ ಅವರ ಜೊತೆ ನಡೆಯಿರಿ, ಒಬ್ಬರೇ ಮಾತ್ರ ಬೇಡ. ಲದ್ದಿ ಎಲ್ಲಿದೆ, ಬೇಲಿ ಎಲ್ಲಿ ಮುರಿದಿದೆ, ಹಲಸಿನ ಮರ ಎಷ್ಟಿವೆ, ಕೆರೆಯಲ್ಲಿ ನೀರಿದೆಯಾ, ಎಲ್ಲ ಬರೆದುಕೊಳ್ಳಿ. ಆನೆಗಳು ತೋಟಕ್ಕೆ ಇಳಿಯುವುದು ಹಣ್ಣು, ನೀರು, ನೆರಳಿಗಾಗಿ. ‘ಭಯ ಆಗುತ್ತಾ?’ ಅಂತ ಸುಮ್ನೆ ಕೇಳಬೇಡಿ, ಉತ್ತರ ಗೊತ್ತಿರುವುದೇ. ‘ಆನೆ ಬಂದ ದಿನ ಕೆಲಸ ನಿಂತರೆ ಕೂಲಿ ಸಿಗುತ್ತಾ?’ ಅಂತ ಕೇಳಿ. ನಿಜವಾದ ಸುದ್ದಿ ಅಲ್ಲಿರುತ್ತದೆ. ಅಸ್ಸಾಂ ಕಡೆಯ ಕಾರ್ಮಿಕರೂ ಇರುತ್ತಾರೆ, ಅವರ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ.

ಮಾಲೀಕರು, ಅರಣ್ಯ ಇಲಾಖೆಯವರ ಮಾತು ಆಮೇಲೆ. ಬೆಳೆ ಪರಿಹಾರದ ಲೆಕ್ಕ ಬೇಕಿದ್ದರೆ ಮಾತ್ರ ಮೊದಲ ವಾರವೇ ಅರ್ಜಿ ಹಾಕಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ ಸಮಯವಿದೆ. ಕೊನೆಗೆ ಹಾಕಿದರೆ ಉತ್ತರ ಬರುವಷ್ಟರಲ್ಲಿ ವರದಿ ಕೊಡುವ ದಿನ ದಾಟಿರುತ್ತದೆ.

ಇನ್ನೊಂದು, ಕಾರ್ಮಿಕರ ಹೆಸರು, ಫೋಟೋ ಹಾಕುವ ಮುಂಚೆ ದಯವಿಟ್ಟು ಅವರನ್ನು ಕೇಳಿ. ವರದಿ ಬಂದ ಮರುದಿನವೂ ಅವರು ಅದೇ ತೋಟಕ್ಕೆ ಕೆಲಸಕ್ಕೆ ಹೋಗಬೇಕು.