ನಂಬರ್ ಅಳಿಸಿಹೋದ ಡೆಕಾಟ್ರಾನ್

ಡೆಕಾಟ್ರಾನ್ ಅಂದರೆ ಹೊಳೆಯುವ ಚುಕ್ಕಿಯಿಂದ ಎಣಿಕೆ ತೋರಿಸುವ ಗಾಜಿನ ಟ್ಯೂಬ್. ಹಳೆಯದೊಂದು ಕೈಗೆ ಬಂದ ಕೂಡಲೇ ಒರೆಸಲು ಹೋಗಬೇಡಿ. ಮೊದಮೊದಲು ನಾನು ಅದೇ ತಪ್ಪು ಮಾಡುತ್ತಿದ್ದೆ. ಧೂಳಿನ ಜೊತೆ ಗಾಜಿನ ಮೇಲಿನ ಮಾಡೆಲ್ ನಂಬರೂ ಬಟ್ಟೆಗೆ ಹತ್ತಿಕೊಳ್ಳುತ್ತಿತ್ತು.

ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಪಕ್ಕದ ಬೀಸ್ಟನ್‌ನಲ್ಲೇ 1950ರ ದಶಕದಲ್ಲಿ ಎರಿಕ್ಸನ್ ಟೆಲಿಫೋನ್ಸ್ ಈ ಎಣಿಕೆ ಟ್ಯೂಬುಗಳನ್ನು ಮಾಡುತ್ತಿತ್ತು. ಹ್ಯಾಮ್ ರೇಡಿಯೊದವರ ಸಂತೆಯಲ್ಲಿ ಜಿಸಿ10ಬಿ ಅನ್ನುವ ಮಾಡೆಲ್ ಆಗಾಗ ಸಿಗುತ್ತದೆ. ಒಳಗೆ ನಡುವೆ ದುಂಡನೆಯ ಆನೋಡ್ (ಪ್ಲಸ್ ತುದಿ) ಬಿಲ್ಲೆ, ಸುತ್ತ 30 ಸಣ್ಣ ಕಡ್ಡಿ, ಅಂದರೆ ಕ್ಯಾಥೋಡ್ (ಮೈನಸ್ ತುದಿ). ಹತ್ತು ಅಂಕಿಗೆ ಹತ್ತು, ಮಿಕ್ಕವು ಚುಕ್ಕಿಯನ್ನು ಮುಂದಿನ ಅಂಕಿಗೆ ದಾಟಿಸುವ ಗೈಡ್. ಒಂದೊಂದು ಎಣಿಕೆಗೂ ಕಿತ್ತಳೆ ಚುಕ್ಕಿ ಮೂರು ಹೆಜ್ಜೆ ಹಾಕುತ್ತದೆ.

ಹೋದ ವರ್ಷ ರಟ್ಟಿನ ಡಬ್ಬದಿಂದ ನಂಬರ್ ಇಲ್ಲದ ಒಂದನ್ನು ಎತ್ತಿಕೊಂಡೆ. ಬುಡದಲ್ಲಿ 8 ಪಿನ್. ಹತ್ತೂ ಅಂಕಿಯ ಕ್ಯಾಥೋಡನ್ನು ಬೇರೆ ಬೇರೆಯಾಗಿ ಹೊರಗೆ ತಂದಿರುವ ಜಿಎಸ್10ಸಿ ಮಾಡೆಲ್ ಆಗಿದ್ದರೆ 12 ಪಿನ್ ಇರಬೇಕಿತ್ತು. ಸರಿ, ಮಾಮೂಲಿ ಜಿಸಿ10ಬಿ ಇರಬೇಕು ಅಂದುಕೊಂಡೆ.

ಮನೆಗೆ ಬಂದು ಗಾಜಿನ ಮೇಲೆ ಹಾ ಅಂತ ಉಸಿರು ಬಿಟ್ಟೆ. ಅಳಿಸಿದ ಅಕ್ಷರ ಆ ಮಂಜಿನಲ್ಲಿ ಒಂದು ಕ್ಷಣ ಮೂಡುವುದುಂಟು. ‘ಜಿಸಿ1’ ಅಂತ ಕಂಡಿತು, ಮುಂದಿನದು ಇಲ್ಲ. ಎಷ್ಟು ಊದಿದರೂ ಅಷ್ಟೇ!

ಆಮೇಲೆ ಟಾರ್ಚ್ ಹಿಡಿದು ಮೇಲಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದೆ. ಕಣ್ಣಲ್ಲೇ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಫೋಟೋ ದೊಡ್ಡದು ಮಾಡಿ ಒಂದೊಂದು ಕಡ್ಡಿಗೂ ಗುರುತು ಹಾಕುವುದೇ ವಾಸಿ. 36 ಬಂತು. ನಂಬಿಕೆ ಬರದೆ ಮತ್ತೆ ಎಣಿಸಿದೆ. 36ನ್ನು ಮೂರರಿಂದ ಭಾಗಿಸಿದರೆ 12, ಅಲ್ವಾ? ಅಂದರೆ ಇದು ಹನ್ನೆರಡರ ಲೆಕ್ಕದ ಜಿಸಿ12/4ಬಿ. 12 ಪೆನ್ನಿಗೆ ಒಂದು ಶಿಲ್ಲಿಂಗ್ ಇದ್ದ ದೇಶವಲ್ಲವೇ ಇದು!

ಖಾತ್ರಿಯಾಗಲು ದೀಪ ಹತ್ತಿಸಲೇಬೇಕಿತ್ತು. ಸುಮಾರು 450 ವೋಲ್ಟ್, ಆನೋಡಿಗೆ 820 ಕಿಲೋಓಮ್ ರೆಸಿಸ್ಟರ್. ಇದು ಹೊಡೆದರೆ ಹುಡುಗಾಟವಲ್ಲ, ಒಂದು ಕೈ ಜೇಬಿನಲ್ಲೇ ಇರಲಿ. ಚುಕ್ಕಿ ಹೊತ್ತಿತು, ಆದರೆ ಒಂದೇ ಕಡೆ ಅಂಟಿಕೊಂಡು ನಿಂತಿತು. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಟ್ಯೂಬ್ ಹೀಗೆ ಹಟ ಮಾಡುತ್ತದೆ. ಪಲ್ಸ್ ಕೊಡುತ್ತಾ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಕಾಫಿ ಹಿಡಿದು ಹೋಗಿ ನೋಡಿದರೆ ಗಡಿಯಾರದ ಹಾಗೆ ಹನ್ನೆರಡು ಮನೆ ಸುತ್ತುತ್ತಿತ್ತು.

ಆ ಡಬ್ಬದಲ್ಲಿ ಅಂಥವೇ ಇನ್ನೂ ಮೂರಿದ್ದವು. ರೇಟು ಜಾಸ್ತಿ ಅಂತ ಚೌಕಾಸಿ ಮಾಡಿ ಬಿಟ್ಟು ಬಂದಿದ್ದೆ.