ಮಳೆಗಾಲದಲ್ಲಿ ಜೋರು, ಬಿಸಿಲು ಬಂದಮೇಲೆ ದೂರ: ಕೋಚ್ ಇಲ್ಲದೆ ಕೊಡಗಿನಲ್ಲಿ ಸೈಕಲ್ ರೇಸಿನ ತಯಾರಿ

ರೇಸಿನ ತರಬೇತಿ ಯೋಜನೆಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿರುತ್ತವೆ: ಮೊದಲು ಎರಡು ಮೂರು ತಿಂಗಳು ನಿಧಾನಕ್ಕೆ ದೂರ, ಆಮೇಲೆ ಇಂಟರ್ವಲ್ (ನಡುವೆ ಬಿಡುವು ಕೊಟ್ಟು ಸರದಿಯಂತೆ ಜೋರಾಗಿ ತುಳಿಯುವುದು), ಕೊನೆಗೆ ರೇಸು. ಜನವರಿ ಕೊನೆಯ ರೇಸಿಗೆ ಜೂನ್‌ನಲ್ಲಿ ಶುರುಮಾಡುವ ಕೊಡಗಿನವರಿಗೆ ಇದು ಹೊಂದುವುದಿಲ್ಲ. ನಾಲ್ಕು ಗಂಟೆ ರಸ್ತೆಯಲ್ಲಿರಲು ಮಳೆ ಬಿಡುವುದಿಲ್ಲ, ಸೈಕಲ್ಲನ್ನು ಮನೆಯೊಳಗೇ ನಿಲ್ಲಿಸಿ ತುಳಿಯುವ ಟ್ರೇನರ್ ಮೇಲೆ ಅಷ್ಟು ಹೊತ್ತು ಕೂರಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ನಾನು ಕ್ರಮವನ್ನೇ ತಿರುಗಿಸುತ್ತೇನೆ: ಮಳೆಗಾಲದಲ್ಲಿ ಮನೆಯೊಳಗೆ ಚಿಕ್ಕ, ಜೋರು ಸೆಷನ್‌ಗಳು, ಅಕ್ಟೋಬರ್‌ನಿಂದ ದೂರದ ಸವಾರಿ.

ಕ್ಯಾಲೆಂಡರ್‌ನಲ್ಲಿ ಮೊದಲು ರೇಸಿನ ದಿನ, ಆಮೇಲೆ ಹಬ್ಬ. ಕೈಲ್‌ಪೋಳ್ದ್, ಪುತ್ತರಿ ವಾರಗಳಲ್ಲಿ ತರಬೇತಿ ಹೇಗೂ ಕೆಡುತ್ತದೆ. ವಿಶ್ರಾಂತಿ ವಾರವನ್ನು ಅಲ್ಲಿಗೇ ಕೂರಿಸಿ, ಉಳಿದದ್ದನ್ನು ಮೂರು ವಾರ ಏರಿಕೆ, ಒಂದು ವಾರ ಇಳಿಕೆ ಎಂದು ಹಂಚಬೇಕು. ಇಳಿಕೆಯ ವಾರದಲ್ಲಿ ಗಂಟೆಗಳು ಅರ್ಧಕ್ಕಿಳಿಯುತ್ತವೆ. ಹಬ್ಬದ ಮರುದಿನಕ್ಕೆ ಇಂಟರ್ವಲ್ ಬರೆದುಕೊಂಡವರು ಅದನ್ನು ಮಾಡಿದ್ದನ್ನು ನಾನು ಕಂಡಿಲ್ಲ.

ಟ್ರೇನರ್ ವಿಷಯದಲ್ಲಿ ಒಂದು ಮಾತು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ವಿದ್ಯುತ್‌ನಿಂದ ಬಿಗಿತ ಕೊಡುವ ಸ್ಮಾರ್ಟ್ ಟ್ರೇನರ್ ಆಗ ಕೆಲಸಕ್ಕೆ ಬಾರದು. ಹಿಂದಿನ ಚಕ್ರ ರೋಲರ್‌ಗೆ ಒತ್ತುವ ಫ್ಲೂಯಿಡ್ ಟ್ರೇನರ್‌ಗೆ ಕರೆಂಟೇ ಬೇಡ. ಆದರೆ ಒಳಗಿನ ದ್ರವ ಬಿಸಿಯಾಗುವವರೆಗೆ, ಅಂದರೆ ಸುಮಾರು ಹತ್ತು ನಿಮಿಷ, ಚಕ್ರದ ವೇಗದಿಂದ ಹಾಕುವ ವ್ಯಾಟ್ (ತುಳಿತದ ಶಕ್ತಿ) ಲೆಕ್ಕವನ್ನು ನಂಬಬಾರದು. ಟೈರ್ ಗಾಳಿಯೂ ರೋಲರ್ ಒತ್ತಡವೂ ಪ್ರತಿಸಲ ಒಂದೇ ಇರಬೇಕು, ಇಲ್ಲದಿದ್ದರೆ ಈ ವಾರದ 200 ವ್ಯಾಟ್ ಮುಂದಿನ ವಾರದ 200 ಆಗಿರುವುದಿಲ್ಲ. ಬೆವರು ಒಣಗದ ಹವೆ ಇದು, ಹ್ಯಾಂಡಲ್ ಬುಡದ ಹೆಡ್‌ಸೆಟ್ ಬೋಲ್ಟ್‌ಗೆ ಬೇಗ ತುಕ್ಕು ಹಿಡಿಯುತ್ತದೆ. ಹ್ಯಾಂಡಲ್ ಮೇಲೆ ಟವೆಲ್ ಹಾಕಿಕೊಳ್ಳಿ.

ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಸತತ ತುಳಿಯಬಲ್ಲ ಗರಿಷ್ಠ ಶಕ್ತಿ, 200 ವ್ಯಾಟ್ ಇರುವವರ ಲೆಕ್ಕ ಹೀಗೆ. ಮಂಗಳವಾರ 3 ನಿಮಿಷದ ಐದು ಸರದಿ, 220ರಿಂದ 230 ವ್ಯಾಟ್, ನಡುವೆ 3 ನಿಮಿಷ ಹಗುರ. ಮೂರು ವಾರದಲ್ಲಿ ಸರದಿಯನ್ನು 4 ನಿಮಿಷಕ್ಕೆ ಏರಿಸಬಹುದು. ಶುಕ್ರವಾರ 12 ನಿಮಿಷದ ಮೂರು ಸರದಿ, 180 ವ್ಯಾಟ್. ಉಳಿದ ದಿನ 45 ನಿಮಿಷ ಹಗುರ, ವಾರಕ್ಕೆರಡು ಸಲ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್. ಒಟ್ಟು ಆರು ಗಂಟೆ ಸಾಕು. ಕೊನೆಯ ಸರದಿಗಳಲ್ಲಿ ವ್ಯಾಟ್ ಹತ್ತು ಪ್ರತಿಶತಕ್ಕಿಂತ ಹೆಚ್ಚು ಬಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಮುಂದುವರಿಸಿದರೆ ಸಿಗುವುದು ದಣಿವು ಮಾತ್ರ. ಸ್ವಂತ ಕೋಚಿಂಗ್‌ನಲ್ಲಿ ಕೆಡುವುದು ಬಹುತೇಕ ಇಲ್ಲೇ: 'ಸಾಕು' ಎನ್ನುವವರು ಪಕ್ಕದಲ್ಲಿ ಇರುವುದಿಲ್ಲ, ಎರಡು ಜೋರು ದಿನ ನಾಲ್ಕಾಗುತ್ತದೆ. ಜೋರು ದಿನ ಎರಡೇ.

ಅಕ್ಟೋಬರ್‌ನಲ್ಲಿ ಪರೀಕ್ಷೆ. ಭಾಗಮಂಡಲದಿಂದ ತಲಕಾವೇರಿಗೆ ಸುಮಾರು 8 ಕಿ.ಮೀ., ಸುಮಾರು 400 ಮೀಟರ್ ಏರು. 20 ನಿಮಿಷದ ಪರೀಕ್ಷೆಗೆ ಧಾರಾಳ ರಸ್ತೆ. ಬಂದ ಸರಾಸರಿಯ 95 ಪ್ರತಿಶತವೇ ಎಫ್‌ಟಿಪಿ. ತುಲಾ ಸಂಕ್ರಮಣಕ್ಕೆ ಆ ದಾರಿ ತುಂಬಿರುತ್ತದೆ, ಆದ್ದರಿಂದ ತಿಂಗಳ ಮೊದಲ ವಾರದಲ್ಲೇ ಮುಗಿಸಿ.

ಆಮೇಲೆ ದೂರ. ವಾರಕ್ಕೆ ಒಂಬತ್ತರಿಂದ ಹನ್ನೊಂದು ಗಂಟೆ, ಭಾನುವಾರ ನಾಲ್ಕು ಗಂಟೆಯ ಒಂದು ಸವಾರಿ. ನಮ್ಮ ಗುಡ್ಡಗಳ ತೊಂದರೆ ಎಂದರೆ 'ನಿಧಾನ' ಎಂಬುದೇ ಕಷ್ಟ. 8 ಪ್ರತಿಶತ ಏರಿನಲ್ಲಿ, ಸೈಕಲ್ ಸೇರಿ 70 ಕೆ.ಜಿ. ಇದ್ದರೆ, 130 ವ್ಯಾಟ್‌ಗೆ ಸಿಗುವ ವೇಗ ಗಂಟೆಗೆ 8 ಕಿ.ಮೀ. ಮುಂದೆ, ಪೆಡಲ್ ಬಳಿ, 34 ಹಲ್ಲಿನ ಚೈನ್‌ರಿಂಗ್, ಹಿಂದೆ 28 ಹಲ್ಲಿನ ಗೇರ್ ಇದ್ದರೆ ಪೆಡಲ್ ನಿಮಿಷಕ್ಕೆ 53 ಸುತ್ತಿಗೆ ಇಳಿಯುತ್ತದೆ, ಮಂಡಿ ಹಿಡಿಯುತ್ತದೆ. 32 ಇದ್ದರೆ 60. ತರಬೇತಿಗೆ 11–32 ಅಥವಾ 11–34 ಕ್ಯಾಸೆಟ್ (ಹಿಂದಿನ ಗೇರ್‌ಗಳ ಗೊಂಚಲು; ಅಂಕಿಗಳು ಅತಿ ಚಿಕ್ಕ, ಅತಿ ದೊಡ್ಡ ಗೇರ್‌ನ ಹಲ್ಲುಗಳು) ಹಾಕಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಇಳಿಜಾರಿನಲ್ಲಿ ಪೆಡಲ್ ತುಳಿಯುವುದೇ ಇಲ್ಲವಾದ್ದರಿಂದ ಒಟ್ಟು ಸಮಯ ಬಿಟ್ಟು, ತುಳಿದ ಸಮಯವನ್ನಷ್ಟೇ ಡೈರಿಗೆ ಬರೆಯಿರಿ. ಮಡಿಕೇರಿಯಿಂದ ಸಂಪಾಜೆಗಿಳಿದು ಹತ್ತಿ ಬಂದರೆ ಹೋಗುವಾಗಿನದು ಲೆಕ್ಕಕ್ಕೇ ಬರುವುದಿಲ್ಲ. ಸಿದ್ದಾಪುರ, ತಿತಿಮತಿ ಕಡೆ ಬೆಳಕು ಹರಿಯುವ ಮುನ್ನ ಹೊರಡಬೇಡಿ; ಆನೆ ತೋಟದಿಂದ ತೋಟಕ್ಕೆ ದಾಟುವ ಹೊತ್ತು ಅದು.

ಮೂರು ಗಂಟೆ ಮೀರಿದರೆ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು: ದೊಡ್ಡ ಬಾಳೆಹಣ್ಣು ಒಂದು, ಜೊತೆಗೆ 35 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಕರಗಿಸಿದ ಒಂದು ಬಾಟಲಿ ನೀರು. ಹಸಿದ ಮೇಲೆ ತಿಂದರೆ ತಡ.

ಬಯಲುಸೀಮೆಯ ರೇಸಿಗೆ, ವಿಜಯಪುರದಂಥ ಕಡೆಗೆ, ಹೋಗುವವರಿಗೆ ಡಿಸೆಂಬರ್ ಮುಖ್ಯ. ಏರಿನಲ್ಲಿ ಬರುವ ವ್ಯಾಟ್ ಸಮತಟ್ಟಿನಲ್ಲಿ, ತಲೆ ತಗ್ಗಿಸಿ ಕೂತಾಗ ಬರುವುದಿಲ್ಲ. ಕುಶಾಲನಗರ ದಾಟಿ ಬೈಲುಕುಪ್ಪೆ, ಪಿರಿಯಾಪಟ್ಟಣದ ಕಡೆ ಹೋಗಿ 20 ನಿಮಿಷದ ಎರಡು ಸರದಿ, ಹ್ಯಾಂಡಲ್‌ನ ಕೆಳಭಾಗ ಹಿಡಿದು, 90 ಸುತ್ತಿನಲ್ಲಿ. ಆಗ ಕಾಫಿ ಕೊಯ್ಲೂ ನಡೆಯುತ್ತಿರುತ್ತದೆ. ದಿನವಿಡೀ ತೋಟದಲ್ಲಿ ನಿಂತ ಕಾಲಿಗೆ ಸಂಜೆ ಇಂಟರ್ವಲ್ ಬೇಡ, ಬೆಳಿಗ್ಗೆಯೇ ಮಾಡಿ ಇಲ್ಲವೇ ಬಿಡಿ.

ಕೊನೆಯ ಹತ್ತು ದಿನ ಗಂಟೆಗಳನ್ನು ಅರ್ಧಕ್ಕಿಳಿಸಿ, ಜೋರನ್ನು ಮಾತ್ರ ಇಳಿಸಬೇಡಿ. ಸರದಿಗಳ ಸಂಖ್ಯೆ ಕಡಿಮೆ ಮಾಡಿ. ಕ್ಯಾಸೆಟ್ ಬದಲಿಸಿ 11–28 ಹಾಕುವುದಿದ್ದರೆ ಈ ಹತ್ತು ದಿನದ ಮೊದಲೇ ಹಾಕಿ. ಜೊತೆಗೆ ಚೈನ್ ಅಳೆಯಿರಿ: 11 ಸ್ಪೀಡ್‌ನಲ್ಲಿ (ಹಿಂದೆ 11 ಗೇರ್ ಇರುವಲ್ಲಿ) 0.5 ಪ್ರತಿಶತ ಹಿಗ್ಗಿದ್ದರೆ ಅದೂ ಹೊಸದಾಗಬೇಕು, ಇಲ್ಲದಿದ್ದರೆ ಹಳೇ ಚೈನ್ ಹೊಸ ಹಲ್ಲನ್ನೂ ಬೇಗ ಸವೆಸುತ್ತದೆ.