ನೀರಿನ ವ್ಯಾಯಾಮ ಕಲಿಸಲು ಹೊರಟವರಿಗೆ ದೇಹ ಮತ್ತು ನೀರಿನ ವಿಜ್ಞಾನ

ನೆಲದ ಮೇಲೆ ವ್ಯಾಯಾಮ ಹೇಳಿಕೊಟ್ಟು ಪಳಗಿದವರು ಈಜುಕೊಳದ ತರಗತಿಯನ್ನು ವಹಿಸಿಕೊಂಡಾಗ ಸಾಮಾನ್ಯವಾಗಿ ತಮಗೆ ಗೊತ್ತಿರುವ ಚಲನೆಗಳನ್ನೇ ನೀರಿಗೂ ಒಯ್ಯುತ್ತಾರೆ. ಆ ಚಲನೆಗಳು ನೋಡುವುದಕ್ಕೆ ಹಾಗೆಯೇ ಇರುತ್ತವಾದರೂ ಸ್ನಾಯುಗಳು, ಹೃದಯ ಮತ್ತು ಶ್ವಾಸಕೋಶಗಳು ಮಾಡುವ ಕೆಲಸ ಬದಲಾಗಿರುತ್ತದೆ. ನೆಲದ ಮೇಲೆ ನಾವು ಎದುರಿಸುವ ಮುಖ್ಯ ಬಲ ಗುರುತ್ವ. ಅದರ ದಿಕ್ಕು ಸದಾ ಕೆಳಮುಖ. ನೀರಿನಲ್ಲಿ ದೇಹವನ್ನು ಮೇಲಕ್ಕೆತ್ತುವ ಬಲವೊಂದು ಅದಕ್ಕೆ ಎದುರಾಗಿ ನಿಲ್ಲುತ್ತದೆ. ಜೊತೆಗೆ ಕೈಕಾಲುಗಳು ಯಾವ ಕಡೆಗೆ ಚಲಿಸಿದರೂ ಅದಕ್ಕೆ ವಿರುದ್ಧವಾಗಿ ತಡೆ ಹುಟ್ಟುತ್ತದೆ. ಹಾಗಾಗಿ ಬೋಧಕರಾಗಬಯಸುವವರು ಪ್ರತಿಯೊಂದು ಚಲನೆಯನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸುವ ಅಭ್ಯಾಸ ಮಾಡಿಕೊಳ್ಳಬೇಕು: ಇಲ್ಲಿ ದೇಹವನ್ನು ತಡೆಯುತ್ತಿರುವ ಬಲ ಯಾವುದು, ಮತ್ತು ಅದು ಯಾವ ದಿಕ್ಕಿನಿಂದ ಬರುತ್ತಿದೆ?

ಆಳ ಎಷ್ಟಿರಬೇಕು

ನೀರಿನಲ್ಲಿ ಮುಳುಗಿದ ವಸ್ತು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಬಲದಿಂದ ಮೇಲಕ್ಕೆ ತಳ್ಳಲ್ಪಡುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ತರಗತಿಯಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಸೊಂಟದವರೆಗೆ ನೀರಿದ್ದಾಗ ಪಾದಗಳ ಮೇಲೆ ಬೀಳುವ ಭಾರ ದೇಹದ ತೂಕದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯವರೆಗಿದ್ದಾಗ ಅದು ಸುಮಾರು ಶೇ. 25ರಿಂದ 35ರಷ್ಟಾಗುತ್ತದೆ, ಕುತ್ತಿಗೆಯವರೆಗೆ ಮುಳುಗಿದರೆ ಶೇ. 10ರ ಆಸುಪಾಸಿಗೆ ಬರುತ್ತದೆ. ಮಂಡಿನೋವು, ಬೆನ್ನುನೋವು ಅಥವಾ ಅಧಿಕ ತೂಕದ ಕಾರಣದಿಂದ ನೆಲದ ಮೇಲೆ ಕುಪ್ಪಳಿಸಲಾಗದವರು ನೀರಿನಲ್ಲಿ ಕುಪ್ಪಳಿಸಬಲ್ಲರೆಂದರೆ ಅದರ ಹಿಂದಿರುವುದು ಈ ಲೆಕ್ಕ.

ಹಾಗೆಂದು ಆಳ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ನೀರು ಕಂಕುಳನ್ನು ದಾಟಿದರೆ ಪಾದಗಳಿಗೆ ನೆಲದ ಹಿಡಿತ ಸಿಗುವುದಿಲ್ಲ, ದಿಕ್ಕು ಬದಲಿಸುವಾಗ ದೇಹ ತೇಲಿ ಓಲಾಡುತ್ತದೆ, ಚಲನೆಯ ಮೇಲಿನ ನಿಯಂತ್ರಣ ತಪ್ಪುತ್ತದೆ. ಸೊಂಟಕ್ಕಿಂತ ಕೆಳಗಿದ್ದರೆ ಕೀಲುಗಳಿಗೆ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ, ತೋಳುಗಳಿಗೆ ತಡೆಯೂ ದೊರೆಯುವುದಿಲ್ಲ. ಆದ್ದರಿಂದ ಕಾಲೂರಿ ಮಾಡುವ ತರಗತಿಗೆ ಹೊಕ್ಕುಳಿಗೂ ಕಂಕುಳಿಗೂ ನಡುವಿನ ಮಟ್ಟ ಸೂಕ್ತ. ಕೊಳದ ತಳ ಇಳಿಜಾರಾಗಿದ್ದರೆ ಎತ್ತರದವರನ್ನು ಆಳದ ಕಡೆಗೂ ಗಿಡ್ಡನೆಯವರನ್ನು ತಗ್ಗಿನ ಕಡೆಗೂ ನಿಲ್ಲಿಸುವುದು ಬೋಧಕರ ಮೊದಲ ಕೆಲಸ. ಗೆಳತಿಯರು ಒಟ್ಟಿಗೇ ನಿಲ್ಲಲು ಬಯಸುತ್ತಾರೆ ಎಂಬ ಕಾರಣಕ್ಕೆ ಇದನ್ನು ಕೈಬಿಡಬಾರದು.

ಕಾಲಿಗೆ ತಳ ಸಿಗದ ಆಳದಲ್ಲಿ ತೇಲುಪಟ್ಟಿ ಕಟ್ಟಿಕೊಂಡು ಮಾಡುವ ವ್ಯಾಯಾಮದಲ್ಲಿ ಮತ್ತೊಂದು ವಿಷಯ ಮುಂದೆ ಬರುತ್ತದೆ. ದೇಹದ ಗುರುತ್ವ ಕೇಂದ್ರ ಸೊಂಟದ ಹತ್ತಿರವಿದ್ದರೆ, ತೇಲುವಿಕೆಯ ಕೇಂದ್ರ ಗಾಳಿ ತುಂಬಿದ ಶ್ವಾಸಕೋಶಗಳಿರುವ ಎದೆಯ ಭಾಗದಲ್ಲಿರುತ್ತದೆ. ಇವೆರಡೂ ಒಂದೇ ಲಂಬರೇಖೆಯಲ್ಲಿರುವಾಗ ಮಾತ್ರ ದೇಹ ನೆಟ್ಟಗೆ ನಿಲ್ಲುತ್ತದೆ. ಇಲ್ಲವಾದರೆ ಅದು ಮುಂದಕ್ಕೋ ಹಿಂದಕ್ಕೋ ವಾಲುತ್ತದೆ. ಆ ವಾಲುವಿಕೆಯನ್ನು ತಡೆಯಲು ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಕೊಬ್ಬಿನ ಅಂಶ ಹೆಚ್ಚಿರುವವರು ಸುಲಭವಾಗಿ ತೇಲುತ್ತಾರೆ, ಸ್ನಾಯು ಹೆಚ್ಚಿರುವವರು ಮುಳುಗುತ್ತಾರೆ. ಆದ್ದರಿಂದ ಒಂದೇ ಅಳತೆಯ ಪಟ್ಟಿಯನ್ನು ಎಲ್ಲರಿಗೂ ಕೊಡುವುದು ಸರಿಯಲ್ಲ.

ಮೂಳೆಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಮೂಳೆ ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಬೇಕು. ಭಾರವನ್ನು ಕಡಿಮೆ ಮಾಡುವುದೇ ನೀರಿನ ಗುಣವಾಗಿರುವುದರಿಂದ, ಮೂಳೆ ಸವೆತ ಇರುವವರಿಗೆ ನೀರಿನ ವ್ಯಾಯಾಮವೊಂದೇ ಸಾಕೆಂದು ಯಾವ ಬೋಧಕರೂ ಭರವಸೆ ಕೊಡಬಾರದು.

ತಡೆಯನ್ನು ಹೆಚ್ಚಿಸುವ ಮತ್ತು ತಗ್ಗಿಸುವ ಬಗೆ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ನೆಲದ ಮೇಲೆ ಗಮನಕ್ಕೇ ಬಾರದ ಗಾಳಿಯ ತಡೆಯ ಜಾಗದಲ್ಲಿ ಇಲ್ಲಿ ನೀರಿನ ತಡೆ ಬಂದು ನಿಲ್ಲುತ್ತದೆ. ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ; ಅಂದರೆ ಕೈ ಬೀಸುವ ವೇಗವನ್ನು ಎರಡು ಪಟ್ಟು ಮಾಡಿದರೆ ತಡೆ ನಾಲ್ಕು ಪಟ್ಟಾಗುತ್ತದೆ. ತೂಕದ ಗುಂಡುಗಳನ್ನು ಬದಲಿಸಬೇಕಾಗಿಲ್ಲದೆ, ಒಂದೇ ಸಾಲಿನಲ್ಲಿ ನಿಂತ ಇಪ್ಪತ್ತರ ಯುವತಿಯೂ ಎಪ್ಪತ್ತರ ಅಜ್ಜಿಯೂ ತಮತಮಗೆ ತಕ್ಕ ಶ್ರಮ ಪಡೆಯುವುದು ಇದರಿಂದಲೇ ಸಾಧ್ಯವಾಗುತ್ತದೆ.

ತಡೆಯನ್ನು ನಿರ್ಧರಿಸುವ ಎರಡನೆಯ ಅಂಶ, ನೀರಿಗೆ ಎದುರಾಗುವ ಮೇಲ್ಮೈಯ ವಿಸ್ತಾರ. ಅಂಗೈಯನ್ನು ಅಂಚಿನ ಕಡೆಯಿಂದ ನೀರು ಸೀಳುವಂತೆ ಚಲಿಸಿದರೆ ಕೆಲಸ ಹಗುರ. ಮುಷ್ಟಿ ಕಟ್ಟಿದರೆ ಸ್ವಲ್ಪ ಭಾರ. ಬೆರಳುಗಳನ್ನು ತುಸುವೇ ಬಿಡಿಸಿ ಅಂಗೈಯನ್ನು ಅಗಲವಾಗಿ ಎದುರಿಗೊಡ್ಡಿದರೆ ಇನ್ನೂ ಭಾರ. ಮೂರನೆಯದು ಅಂಗದ ಉದ್ದ. ಮೊಣಕೈ ಮಡಿಸಿ ಮಾಡಿದ ಚಲನೆಗಿಂತ ತೋಳನ್ನು ಪೂರ್ತಿ ಚಾಚಿ ಮಾಡಿದ ಚಲನೆ ಭುಜಕ್ಕೆ ಹೆಚ್ಚು ಕಷ್ಟ ಕೊಡುತ್ತದೆ, ಏಕೆಂದರೆ ಕೀಲಿನಿಂದ ದೂರವಿರುವ ಅಂಗೈ ಹೆಚ್ಚು ವೇಗದಲ್ಲಿ ಚಲಿಸುತ್ತದೆ ಮತ್ತು ಅಲ್ಲಿ ಹುಟ್ಟುವ ತಡೆ ಸನ್ನೆಗೋಲಿನ ತುದಿಯಲ್ಲಿ ಕೆಲಸ ಮಾಡುತ್ತದೆ. ಭುಜದ ತೊಂದರೆ ಇರುವವರಿಗೆ ‘ಮೊಣಕೈ ಮಡಿಸಿ, ಅಂಗೈ ಓರೆ ಮಾಡಿ’ ಎಂದು ಹೇಳಿದರೆ, ತರಗತಿಯಿಂದ ಅವರನ್ನು ಬೇರ್ಪಡಿಸದೆಯೇ ಹೊರೆ ಇಳಿಸಿದಂತಾಗುತ್ತದೆ.

ನ್ಯೂಟನ್ನನ ನಿಯಮಗಳೂ ಇಲ್ಲಿ ಕೈಗೆ ಬರುತ್ತವೆ. ತರಗತಿಯವರೆಲ್ಲ ಹತ್ತು ಹೆಜ್ಜೆ ಮುಂದಕ್ಕೆ ಓಡಿ ಥಟ್ಟನೆ ಹಿಂದಕ್ಕೆ ತಿರುಗಿದರೆ, ಅವರ ಹಿಂದೆ ಹರಿದುಬರುತ್ತಿದ್ದ ನೀರು ಎದುರಾಗಿ ನೂಕುತ್ತದೆ; ಆ ಪ್ರವಾಹದ ಜಡತ್ವವನ್ನು ಮೀರಲು ಬೇಕಾಗುವ ಶ್ರಮ ಗಣನೀಯವಾದದ್ದು. ಹಾಗೆಯೇ ಕೈಗಳು ನೀರನ್ನು ಹಿಂದಕ್ಕೆ ತಳ್ಳಿದರೆ ದೇಹ ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ನಡೆಯುವಾಗ ಕೈಗಳಿಂದಲೂ ಮುಂದಕ್ಕೇ ತಳ್ಳಲು ಹೇಳಿದರೆ, ಕೈಯ ಪ್ರತಿಕ್ರಿಯೆ ನಡಿಗೆಗೆ ಅಡ್ಡಬಂದು ಅದೇ ನಡಿಗೆ ಕಷ್ಟಕರವಾಗುತ್ತದೆ. ಹೊಸ ಚಲನೆಗಳನ್ನು ಹುಡುಕುತ್ತಾ ಹೋಗುವುದಕ್ಕಿಂತ ಒಂದೇ ಚಲನೆಯನ್ನು ಇಂಥ ನಾಲ್ಕಾರು ರೀತಿಯಲ್ಲಿ ಬದಲಿಸಬಲ್ಲ ಬೋಧಕರೇ ಹೆಚ್ಚು ಸಮರ್ಥರೆಂಬುದು ನನ್ನ ಅಭಿಪ್ರಾಯ.

ವೇಗದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನೆಲದ ಮೇಲಿನ ಏರೋಬಿಕ್ಸ್ ತಾಳಕ್ಕೆ ನೀರಿನಲ್ಲಿ ಜಂಪಿಂಗ್ ಜ್ಯಾಕ್ (ಕೈಕಾಲುಗಳನ್ನು ಅಗಲಿಸಿ ಕೂಡಿಸುತ್ತಾ ಕುಪ್ಪಳಿಸುವುದು) ಮಾಡಿಸಿ ನೋಡಿ: ಕಾಲುಗಳು ಒಂದಡಿ ಅಗಲುವುದರೊಳಗೆ ಮರಳಿ ಕೂಡಿಕೊಳ್ಳುತ್ತವೆ, ಮೊಣಕೈಗಳು ಪಕ್ಕೆಗೆ ಅಂಟುತ್ತವೆ, ಭುಜಗಳು ಕಿವಿಯ ಕಡೆಗೆ ಏರುತ್ತವೆ. ಜನ ಸೋಮಾರಿತನದಿಂದ ಹೀಗೆ ಮಾಡುವುದಿಲ್ಲ. ಅಷ್ಟು ವೇಗದಲ್ಲಿ ಪೂರ್ತಿ ಚಲನೆಗೆ ನೀರು ಅವಕಾಶವನ್ನೇ ಕೊಡುವುದಿಲ್ಲ. ಅದಕ್ಕಾಗಿಯೇ ನಿಮಿಷಕ್ಕೆ 125ರಿಂದ 150 ತಾಳದ ಸಂಗೀತ ಹಾಕಿ, ಎರಡು ತಾಳಕ್ಕೆ ಒಂದು ಚಲನೆಯಂತೆ ಮಾಡಿಸುವ ಪದ್ಧತಿ ರೂಢಿಯಲ್ಲಿದೆ. ಚಲನೆ ಮೊದಲು ಪೂರ್ಣವಾಗಲಿ, ವೇಗವನ್ನು ಆಮೇಲೆ ಕೂಡಿಸಬಹುದು.

ಯಾವ ಸ್ನಾಯು ದುಡಿಯುತ್ತಿದೆ

ಪರೀಕ್ಷೆಗಳಲ್ಲಿ ಹೆಚ್ಚಿನವರು ಎಡವುವುದು ಈ ಭಾಗದಲ್ಲಿ. ನೆಲದ ಮೇಲೆ ಡಂಬೆಲ್ ಹಿಡಿದು ಮೊಣಕೈ ಮಡಿಸಿದಾಗ ತೋಳಿನ ಮುಂಭಾಗದ ಬೈಸೆಪ್ಸ್ ಕುಗ್ಗುತ್ತಾ ಕೆಲಸ ಮಾಡುತ್ತದೆ. ಡಂಬೆಲನ್ನು ನಿಧಾನವಾಗಿ ಇಳಿಸುವಾಗಲೂ ಅದೇ ಬೈಸೆಪ್ಸ್ ಹಿಗ್ಗುತ್ತಾ ಭಾರವನ್ನು ತಡೆಯುತ್ತದೆ. ತೋಳಿನ ಹಿಂಭಾಗದ ಟ್ರೈಸೆಪ್ಸ್‌ಗೆ ಅಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಬರಿಗೈಯಲ್ಲಿ ಇದನ್ನೇ ನೀರಿನೊಳಗೆ ರಭಸದಿಂದ ಮಾಡಿದರೆ, ಮೇಲಕ್ಕೆ ಬರುವಾಗ ಬೈಸೆಪ್ಸ್ ಕುಗ್ಗುತ್ತದೆ, ಕೆಳಕ್ಕೆ ತಳ್ಳುವಾಗ ಟ್ರೈಸೆಪ್ಸ್ ಕುಗ್ಗುತ್ತದೆ. ಹೋಗುವಾಗ ಒಂದು, ಬರುವಾಗ ಅದರ ಜೋಡಿ: ತೊಡೆಯ ಮುಂಭಾಗ ಮತ್ತು ಹಿಂಭಾಗ, ಎದೆ ಮತ್ತು ಬೆನ್ನಿನ ಮೇಲ್ಭಾಗ ಎಲ್ಲಕ್ಕೂ ಇದೇ ಅನ್ವಯ. ಹಿಗ್ಗುತ್ತಾ ದುಡಿಯುವ ಕೆಲಸ ಕಡಿಮೆ ಇರುವುದರಿಂದ ಮರುದಿನದ ಮೈಕೈ ನೋವೂ ನೀರಿನಲ್ಲಿ ಕಡಿಮೆ.

ಈಗ ಅದೇ ಕೈಗೆ ಫೋಮ್ ಡಂಬೆಲ್ ಕೊಡಿ. ಲೆಕ್ಕ ತಿರುಗುಮುರುಗಾಗುತ್ತದೆ. ಫೋಮ್ ಮೇಲಕ್ಕೆ ಚಿಮ್ಮಲು ಹವಣಿಸುತ್ತಿರುತ್ತದೆ. ಅದನ್ನು ತೊಡೆಯ ಕಡೆಗೆ ಒತ್ತುವಾಗ ಟ್ರೈಸೆಪ್ಸ್ ಕುಗ್ಗುತ್ತದೆ, ನಿಧಾನವಾಗಿ ಮೇಲೇರಲು ಬಿಡುವಾಗ ಅದೇ ಟ್ರೈಸೆಪ್ಸ್ ಹಿಗ್ಗುತ್ತಾ ಹಿಡಿದಿಡುತ್ತದೆ. ಇದನ್ನು ಬೈಸೆಪ್ಸ್ ವ್ಯಾಯಾಮವೆಂದು ಕರೆಯುವ ಬೋಧಕರು ಈಗಲೂ ಇದ್ದಾರೆ. ಕಲಿಯುವವರು ಫೋಮನ್ನು ಕೆಳಕ್ಕೊತ್ತಿ ಕೈ ಸಡಿಲ ಬಿಟ್ಟರೆ ಅದು ಮೇಲೆ ಹಾರುತ್ತದೆ, ಅರ್ಧ ಕೆಲಸ ಪೋಲಾಗುವುದಲ್ಲದೆ ಭುಜಕ್ಕೆ ಜಗ್ಗು ಬೀಳುತ್ತದೆ. ಫೋಮ್ ಡಂಬೆಲ್‌ಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತೇಲುವುದನ್ನೂ ಬಿಡಿಸಬೇಕು. ದೇಹದ ಭಾರವೆಲ್ಲ ಭುಜದ ಕೀಲಿನ ಮೇಲೆ ನೇತುಬೀಳುತ್ತದೆ.

ಹೃದಯ, ಉಸಿರು ಮತ್ತು ನಾಡಿಯ ಲೆಕ್ಕ

ನೀರಿನ ಒತ್ತಡ ಆಳಕ್ಕೆ ಹೋದಂತೆ ಏರುತ್ತದೆ. ಸುಮಾರು ಪ್ರತಿ 1.36 ಸೆಂಟಿಮೀಟರಿಗೆ 1 ಮಿಲಿಮೀಟರ್ ಪಾದರಸದಷ್ಟು. ಎದೆಯುದ್ದದ ನೀರಿನಲ್ಲಿ ನಿಂತಾಗ ಕಾಲುಗಳ ಸುತ್ತ ಬೀಳುವ ಈ ಒತ್ತಡ ಅಲ್ಲಿನ ರಕ್ತವನ್ನು ಎದೆಯ ಕಡೆಗೆ ನೂಕುತ್ತದೆ. ಕುತ್ತಿಗೆಯವರೆಗೆ ಮುಳುಗಿದಾಗ ಹೀಗೆ ಸ್ಥಳಾಂತರಗೊಳ್ಳುವ ರಕ್ತ ಸುಮಾರು 700 ಮಿಲಿಲೀಟರ್. ಹೃದಯಕ್ಕೆ ಹೆಚ್ಚು ರಕ್ತ ಬರುವುದರಿಂದ ಪ್ರತಿ ಬಡಿತಕ್ಕೂ ಅದು ಹೆಚ್ಚು ರಕ್ತ ಹೊರಹಾಕುತ್ತದೆ, ಬಡಿತಗಳ ಸಂಖ್ಯೆ ಇಳಿಯುತ್ತದೆ. ಅಷ್ಟೇ ಶ್ರಮಕ್ಕೆ ನೀರಿನಲ್ಲಿ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 10ರಿಂದ 15ರಷ್ಟು ಕಡಿಮೆ ಇರುತ್ತದೆ. ಆಳ, ನೀರಿನ ಉಷ್ಣತೆ ಮತ್ತು ವ್ಯಕ್ತಿಗೆ ತಕ್ಕಂತೆ ಈ ಅಂತರ ಬದಲಾಗುತ್ತದೆ. 220ರಿಂದ ವಯಸ್ಸನ್ನು ಕಳೆದು ಬರುವ ಗರಿಷ್ಠ ಬಡಿತದ ಅಂದಾಜನ್ನು ಆಧರಿಸಿದ ಗುರಿಯನ್ನು ನೀರಿನಲ್ಲಿ ಹಾಗೆಯೇ ಬಳಸಿದರೆ ಜನರನ್ನು ಅಗತ್ಯಕ್ಕಿಂತ ಹೆಚ್ಚು ದಣಿಸಿದಂತಾಗುತ್ತದೆ. ಕೊಳದ ದಡದಲ್ಲಿ ನಿಂತು ನಾಡಿ ಎಣಿಸಿ, ಎದೆಯುದ್ದದ ನೀರಿನಲ್ಲಿ ಮೂರು ನಿಮಿಷ ಸುಮ್ಮನೆ ನಿಂತು ಮತ್ತೆ ಎಣಿಸಿ. ದಡದಲ್ಲಿ 84, ನೀರಿನಲ್ಲಿ 74 ಬಂದರೆ ಆ ವ್ಯಕ್ತಿಯ ಗರಿಷ್ಠ ಬಡಿತದ ಅಂದಾಜಿನಿಂದ 10ನ್ನು ಕಳೆಯಬೇಕು.

ತುಂಬಿದ ತರಗತಿಯಲ್ಲಿ ಇಷ್ಟೆಲ್ಲ ಎಣಿಸಲು ಬಿಡುವಿರುವುದಿಲ್ಲ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಶ್ರಮವನ್ನು ಸರಿಯಾಗಿ ತೋರಿಸುವುದೂ ಇಲ್ಲ. ಆದ್ದರಿಂದ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಶ್ರಮದ ಅನುಭವದ ಮಾಪಕವನ್ನು ಕಲಿಸುವುದು ಒಳಿತು. ಅದರಲ್ಲಿ 13 ಎಂದರೆ ‘ಸ್ವಲ್ಪ ಕಷ್ಟ’. ಸಾಮಾನ್ಯ ತರಗತಿಯ ಮುಖ್ಯ ಭಾಗ 12ರಿಂದ 14ರ ನಡುವೆ ಇದ್ದರೆ ಸಾಕು. ಮಾತನಾಡಲು ಸಾಧ್ಯವಾಗುತ್ತಿದೆಯೇ ಎಂದು ನೋಡುವ ಸರಳ ಪರೀಕ್ಷೆಯೂ ನಂಬಲರ್ಹ.

ಇದೇ ಒತ್ತಡ ಎದೆಗೂಡನ್ನೂ ಅಮುಕುವುದರಿಂದ ಉಸಿರೆಳೆಯುವ ಸ್ನಾಯುಗಳಿಗೆ ಹೆಚ್ಚಿನ ಕೆಲಸ ಬೀಳುತ್ತದೆ. ಮೊದಲ ಸಲ ನೀರಿಗಿಳಿದವರು ಎದೆ ಬಿಗಿಯುತ್ತಿದೆ ಎಂದು ಗಾಬರಿಯಾಗುವುದುಂಟು. ಅಂಥವರನ್ನು ಸೊಂಟದ ಮಟ್ಟದಲ್ಲಿ ನಿಲ್ಲಿಸಿ ರೂಢಿ ಮಾಡಿಸಬೇಕು. ಆದರೆ ಬಿಗಿತ ನೋವಾಗಿ ತೋಳಿಗೋ ದವಡೆಗೋ ಹರಡಿದರೆ ವ್ಯಾಯಾಮ ನಿಲ್ಲಿಸಿ ವೈದ್ಯಕೀಯ ನೆರವು ಕರೆಸಬೇಕು. ಮುಳುಗಿದ ದೇಹ ಹೆಚ್ಚು ಮೂತ್ರವನ್ನೂ ಉತ್ಪಾದಿಸುತ್ತದೆ, ಬೆವರು ಕಣ್ಣಿಗೆ ಕಾಣುವುದಿಲ್ಲ. ಹೀಗಾಗಿ ಬಾಯಾರಿಕೆಯಾಗದಿದ್ದರೂ ಕುಡಿಯುವ ನೀರಿನ ಬಾಟಲಿ ದಡದಲ್ಲಿರಲಿ.

ತರಗತಿ ಮುಗಿದು ಏಣಿ ಹತ್ತುವ ಗಳಿಗೆ ಈ ವಿಜ್ಞಾನದ ಅತ್ಯಂತ ಸೂಕ್ಷ್ಮ ಭಾಗ. ನೀರಿನಿಂದ ಹೊರಬಂದ ಕೂಡಲೇ ಕಾಲಿನ ಸುತ್ತಲಿನ ಒತ್ತಡ ಇಲ್ಲವಾಗಿ ರಕ್ತ ಕೆಳಕ್ಕಿಳಿಯುತ್ತದೆ, ಮಿದುಳಿಗೆ ಸಿಗುವ ರಕ್ತ ಕೊಂಚ ಹೊತ್ತು ಕಡಿಮೆಯಾಗಿ ತಲೆ ಸುತ್ತಬಹುದು. ಜೊತೆಗೆ ಅಷ್ಟು ಹೊತ್ತು ಹಗುರಾಗಿದ್ದ ದೇಹದ ಪೂರ್ತಿ ತೂಕ ಒಮ್ಮೆಗೇ ಮಂಡಿಯ ಮೇಲೆ ಬೀಳುತ್ತದೆ. ಹಿರಿಯರು ಎರಡನೆಯ ಮೆಟ್ಟಿಲಲ್ಲಿ ಕಂಬಿ ಹಿಡಿದು ಕೆಲವು ಉಸಿರು ನಿಂತು, ಅನಂತರ ಮೇಲಕ್ಕೆ ಬರುವಂತೆ ನೋಡಿಕೊಳ್ಳಬೇಕು. ಕೊನೆಯ ಐದಾರು ನಿಮಿಷ ಚಲನೆಯನ್ನು ಕ್ರಮೇಣ ನಿಧಾನಗೊಳಿಸುವುದೂ ಇದೇ ಕಾರಣಕ್ಕೆ.

ಉಷ್ಣತೆಗೆ ತಕ್ಕ ಪಾಠ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಎಳೆದುಕೊಳ್ಳುತ್ತದೆ. ಸಾಮಾನ್ಯ ತರಗತಿಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಹೊಂದುತ್ತದೆ. ಅದಕ್ಕಿಂತ ತಣ್ಣಗಿದ್ದರೆ ವಾರ್ಮ್‌ಅಪ್ ಉದ್ದವಾಗಬೇಕು ಮತ್ತು ನಿಂತಲ್ಲೇ ಮಾಡುವ ಸ್ಟ್ರೆಚಿಂಗ್ ಮೊಟಕಾಗಬೇಕು. ಒಂದು ಕಾಲನ್ನು ಎಳೆದು ಹಿಡಿದಿರುವಾಗ ಕೈಗಳಾದರೂ ನೀರನ್ನು ಕಲಕುತ್ತಿರಲಿ. ಕೀಲುನೋವಿನವರಿಗೆ ಬೆಚ್ಚಗಿನ ನೀರು ಹಿತ, ಆದರೆ ಅಂಥ ನೀರಿನಲ್ಲಿ ತೀವ್ರ ವ್ಯಾಯಾಮ ಮಾಡಿಸಿದರೆ ದೇಹ ವಿಪರೀತ ಕಾಯುತ್ತದೆ. ಗರ್ಭಿಣಿಯರ ವಿಷಯದಲ್ಲಿ ಈ ಎಚ್ಚರ ಇನ್ನೂ ಮುಖ್ಯ.

ತರಗತಿಯನ್ನು ಕಟ್ಟುವುದು

ಸ್ನಾಯುಗಳಿಗೆ ಶಕ್ತಿ ಮೂರು ದಾರಿಗಳಲ್ಲಿ ಒದಗುತ್ತದೆ. ಸುಮಾರು ಹತ್ತು ಸೆಕೆಂಡಿನ ಪೂರ್ಣ ರಭಸಕ್ಕೆ ಸ್ನಾಯುವಿನಲ್ಲೇ ಸಂಗ್ರಹವಾಗಿರುವ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್ ಎಂಬ ಶಕ್ತಿ ಕೊಡುವ ರಾಸಾಯನಿಕಗಳು ಸಾಕಾಗುತ್ತವೆ. ಅಲ್ಲಿಂದ ಎರಡು ನಿಮಿಷದವರೆಗಿನ ತೀವ್ರ ಶ್ರಮಕ್ಕೆ ಆಮ್ಲಜನಕವಿಲ್ಲದೆ ಗ್ಲುಕೋಸ್ ಒಡೆಯುವ ವ್ಯವಸ್ಥೆ ಮುಂದಾಗುತ್ತದೆ. ದೀರ್ಘ ಶ್ರಮಕ್ಕೆ ಆಮ್ಲಜನಕ ಬಳಸುವ ವ್ಯವಸ್ಥೆಯೇ ಆಧಾರ. ಮೂರೂ ಸದಾ ಒಟ್ಟಿಗೆ ನಡೆಯುತ್ತಿರುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ಇದನ್ನು ತಿಳಿದವರು ಇಪ್ಪತ್ತು ಸೆಕೆಂಡಿನ ಬಿರುಸಿನ ಓಟದ ಬಳಿಕ ಎಷ್ಟು ವಿರಾಮ ಬೇಕೆಂದು ಊಹಿಸಬೇಕಾಗಿಲ್ಲ: ಹೊಸಬರಿಗೆ ಓಟದ ಎರಡು ಮೂರು ಪಟ್ಟು ಹೊತ್ತು ಹಗುರ ನಡಿಗೆ ಕೊಟ್ಟು, ವಾರಗಳು ಕಳೆದಂತೆ ಅದನ್ನು ಕುಗ್ಗಿಸುತ್ತಾ ಬರಬಹುದು. ಹೊರೆಯನ್ನು ಏರಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು; ವೇಗ, ಅಂಗದ ಉದ್ದ, ಉಪಕರಣ ಮೂರನ್ನೂ ಒಂದೇ ವಾರ ಹೆಚ್ಚಿಸಿದರೆ ನೋವು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸಿದೆ. ವಾರಕ್ಕೆ ಮೂರು ತರಗತಿ ನಡೆಸುವವರು ತಮ್ಮ ಯೋಜನೆಯನ್ನು ಈ ಅಳತೆಗೆ ಹಿಡಿದು ನೋಡಬೇಕು.

ಹೊಸಬರು ಸೇರುವಾಗ ಹೃದ್ರೋಗ, ಮೂರ್ಛೆರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆ, ಸೇವಿಸುವ ಔಷಧಿ ಇವುಗಳ ಬಗ್ಗೆ ಲಿಖಿತ ಪ್ರಶ್ನಾವಳಿ ತುಂಬಿಸಿಕೊಳ್ಳಿ. ಜ್ವರ, ತೆರೆದ ಗಾಯ ಅಥವಾ ಭೇದಿ ಇದ್ದರೆ ಅಂದು ನೀರಿಗಿಳಿಸಬೇಡಿ.

ಬೋಧಕರು ಹೆಚ್ಚು ಹೊತ್ತು ದಡದ ಮೇಲೆ ನಿಂತೇ ಕಲಿಸುತ್ತಾರೆ, ಏಕೆಂದರೆ ನೀರಿನೊಳಗಿನ ಕಾಲಿನ ಚಲನೆ ಯಾರಿಗೂ ಸ್ಪಷ್ಟವಾಗಿ ಕಾಣುವುದಿಲ್ಲ. ಅಲ್ಲಿ ನಿಮಗೆ ನೀರಿನ ಆಸರೆ ಇರುವುದಿಲ್ಲವಾದ್ದರಿಂದ ಜಾರದ ಪಾದರಕ್ಷೆ ಹಾಕಿಕೊಳ್ಳಿ, ಕುಪ್ಪಳಿಸುವ ಬದಲು ಹಿಮ್ಮಡಿ ಎತ್ತಿ ತೋರಿಸಿ, ಎರಡೂ ಕಾಲು ಮೇಲೇಳುವ ಚಲನೆಗೆ ಎತ್ತರದ ಸ್ಟೂಲಿನ ಮೇಲೆ ಕುಳಿತು ಪ್ರದರ್ಶಿಸಿ. ನೀರಿನಲ್ಲಿರುವವರು ಚಲಿಸಬೇಕಾದ ವೇಗದಲ್ಲೇ ನೀವೂ ಚಲಿಸಬೇಕು, ಗಾಳಿಯಲ್ಲಿ ಕೈ ಹಗುರವಾಗಿದೆಯೆಂದು ರಭಸವಾಗಿ ಬೀಸಬಾರದು. ಕೊಳದ ಪ್ರತಿಧ್ವನಿಯಲ್ಲಿ ಕೂಗಿ ಗಂಟಲು ಕೆಡಿಸಿಕೊಳ್ಳುವುದಕ್ಕಿಂತ ಕೈಸನ್ನೆಗಳನ್ನು ಮೊದಲ ವಾರದಲ್ಲೇ ರೂಢಿಸುವುದು ಮೇಲು. ಜೀವರಕ್ಷಕರ ಕೆಲಸವನ್ನು ಮಾತ್ರ ನೀವು ಹೊತ್ತುಕೊಳ್ಳಬೇಡಿ: ಕಲಿಸುವಾಗ ನಿಮ್ಮ ಕಣ್ಣು ಚಲನೆಗಳ ಮೇಲಿರುತ್ತದೆ, ಆ ಹೊತ್ತಿನಲ್ಲಿ ಕೊಳವನ್ನೇ ಗಮನಿಸುವ ಇನ್ನೊಬ್ಬ ತರಬೇತಾದ ವ್ಯಕ್ತಿ ದಡದಲ್ಲಿ ಇರಲೇಬೇಕು.